ಹಳೇ ಬಾಡಿಗೆದಾರರಿರುವ ಮನೆ ಮಾರಬೇಕು, ಸಹಾಯ ಮಾಡಿ

ನಮಸ್ಕಾರ. ಮುಂಬೈನ ಮಾಟುಂಗಾದಲ್ಲಿ ಅಪ್ಪನ ಹೆಸರಲ್ಲಿ ಒಂದು ಹಳೇ ಮನೆ ಇದೆ. 1974ರಿಂದ ಒಂದೇ ಕುಟುಂಬ ಬಾಡಿಗೆಗಿದೆ. ತಿಂಗಳಿಗೆ 210 ರೂಪಾಯಿ! ರಸೀದಿ ಬರೆಯುವಾಗ ಅಪ್ಪನಿಗೇ ನಗು ಬರುತ್ತದೆ. ಈಗ ಅವರ ಚಿಕಿತ್ಸೆಗೆ ಮನೆ ಮಾರಬೇಕಾಗಿದೆ. ನೋಡಲು ಬಂದವರೆಲ್ಲ "ಖಾಲಿ ಮಾಡಿಸಿ ಕೊಡಿ" ಎನ್ನುತ್ತಾರೆ, ಇಲ್ಲದಿದ್ದರೆ ಅರ್ಧ ರೇಟು.

1947ರ ಬಾಂಬೆ ಬಾಡಿಗೆ ಕಾಯ್ದೆ ಹೋಗಿ 1999ರ ಮಹಾರಾಷ್ಟ್ರ ಕಾಯ್ದೆ ಬಂದರೂ ಹಳಬರ ರಕ್ಷಣೆ ಉಳಿದಿದೆ. ಮಾರಾಟ ಅನ್ನೋದು ಖಾಲಿ ಮಾಡಿಸಲು ಕಾರಣ ಆಗೋದಿಲ್ಲ. ಲೀವ್ ಅಂಡ್ ಲೈಸೆನ್ಸ್ (ಅವಧಿ ಮುಗಿದ ಮೇಲೆ ಬಿಟ್ಟುಕೊಡಬೇಕಾದ ಒಪ್ಪಂದ) ಆಗಿದ್ದರೆ ಮಾತೇ ಬೇರೆ. "ಸ್ವಂತ ವಾಸಕ್ಕೆ ಬೇಕು ಅಂತ ಕೇಸ್ ಹಾಕಿ" ಎಂದರು ಒಬ್ಬ ದಲ್ಲಾಳಿ. ಸುಮ್ನೆ ಸುಳ್ಳು ಯಾಕೆ? ಆ ಮನೆಯ ಅಜ್ಜಿ ನನ್ನನ್ನು ಎತ್ತಿ ಆಡಿಸಿದವರು.

ಬಾಡಿಗೆದಾರರಿಗೇ ಮಾರಿದವರು, ಅಥವಾ ಬಂದ ಹಣದಲ್ಲಿ ಪಾಲು ಕೊಟ್ಟು ಒಪ್ಪಿಸಿದವರು ಇಲ್ಲಿದ್ದೀರಾ? ಎಷ್ಟು ಪಾಲು ಕೊಟ್ಟಿರಿ? ಕನ್ನಡ ಬರುವ ವಕೀಲರು ಗೊತ್ತಿದ್ದರೂ ತಿಳಿಸಿ.