ಸಹಾಯ ಬೇಕು: ಅವ್ವನ ಜೋಡಿ ಶ್ರೀಶೈಲ ಪಾದಯಾತ್ರೆ

ಶರಣ್ರೀ ಎಲ್ಲರಿಗೂ. ಈ ಯುಗಾದಿಗೆ ಅವ್ವ ಮಲ್ಲಯ್ಯನ ಕಡೆ ನಡ್ಕೊಂಡೇ ಬರ್ತೀನಿ ಅಂತ ಹಟ ಹಿಡದಾಳ. ವಯಸ್ಸು 63, ಬಲಗಾಲ ಮಂಡಿ ಆಗಾಗ ಬಾವು ಬರ್ತದ. ಬಾಗಲಕೋಟೆಯಿಂದ ಪೂರ್ತಿ ನಡೆಯೋದು ಆಗೂದಿಲ್ಲ ಅಂತ ಹೆಂಗೋ ಒಪ್ಪಿಸೀನಿ. ಆತ್ಮಕೂರು ತನಕ ಬಸ್ಸು, ಅಲ್ಲಿಂದ ವೆಂಕಟಾಪುರ, ನಾಗಲೂಟಿ ವೀರಭದ್ರ, ಪೆದ್ದಚೆರುವು ಹಾದು ನಲ್ಲಮಲ ಅಡವ್ಯಾಗ ನಡಿಗೆ.

ನನ್ನ ಚಿಂತಿ ಎಲ್ಲಾ ಆ ದಾರ್ಯಾಗ ಮುಂದ ಬರೋ ಭೀಮನಕೊಳ್ಳದ್ದು. ಕೊಳ್ಳಕ್ಕ ಇಳಿಯೋದು ಒಂದು ಕಷ್ಟ, ಅಲ್ಲಿಂದ ಕೈಲಾಸ ದ್ವಾರಕ್ಕ ಏರೋದು ಇನ್ನೊಂದು. ನಾ ಹೋದ ವರ್ಷ ಹೋದಾಗ ಕಲ್ಲಿನ ಮೆಟ್ಟಿಲು ಒಂದು ಗೇಣು, ಮತ್ತೊಂದು ಮೊಳ. ಬಿಸಲಿಗೆ ಕಾದು ಅಂಗಾಲು ಚುರ್ ಅಂತಿತ್ತು. ಹೆಗಲ ಮ್ಯಾಲೆ ಮಲ್ಲಯ್ಯನ ಕಂಬಿ (ಕಾವಡಿ) ಹೊತ್ತವ್ರು ದಾಟಿ ಹೋಗ್ತಿದ್ರು, ನಾ ಖಾಲಿ ಕೈಲೇ ಏದುಸಿರು ಬಿಟ್ಟೆ!

ಮಂಡಿನೋವು ಇದ್ದವರನ್ನ ಕರ್ಕೊಂಡು ಹೋದವ್ರು ದಯವಿಟ್ಟು ಹೇಳ್ರಿ. ಕೊಳ್ಳದಾಗ ರಾತ್ರಿ ತಂಗಿ ನಸುಕಿನ್ಯಾಗ ಏರಿದ್ರ ಚಲೋನೋ? ನಡುವ ಆಗಲಿಲ್ಲಂದ್ರ ಜೀಪು ಸಿಗೋ ಕಡೆಯ ಜಾಗ ಯಾವುದು? ಅವ್ವ ಚಪ್ಪಲಿ ಹಾಕೂದಿಲ್ಲ ಅಂತಾಳ, ದಪ್ಪ ಕಾಲುಚೀಲ ನಡೀತಾವೇನು?

ಊಟದ್ದು ಚಿಂತಿ ಇಲ್ಲ, ದಾಸೋಹದವ್ರು ಕರದು ಕರದು ಬಡಸ್ತಾರ. ಭ್ರಮರಾಂಬೆಗೆ ಅಂತ ಅವ್ವ ಇಳಕಲ್ ಸೀರಿ ಈಗಾಗ್ಲೇ ಗಂಟು ಕಟ್ಟಿಟ್ಟಾಳ, ಹಂಗಾಗಿ ಬ್ಯಾಡ ಅನ್ನೋ ಸಲಹೆ ಬಿಟ್ಟು ಬ್ಯಾರೇದು ಹೇಳ್ರಿ.