ಇನ್ನೂರು ಮಕ್ಕಳ ಹೆಸರುಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಹೇಗೆ?

ಪ್ರಶ್ನೆ: ಹೊಸಮೇಷ್ಟ್ರು (ಕೆ.ಆರ್. ಪೇಟೆ)

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಈ ಜೂನ್‌ನಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕನಾಗಿ ಸೇರಿದ್ದೇನೆ. ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳಿಗೆ ಎರಡೆರಡು ವಿಭಾಗಗಳಿದ್ದು, ಒಟ್ಟು 212 ಮಕ್ಕಳಿಗೆ ಪಾಠ ಮಾಡುತ್ತೇನೆ. ಐದು ವಾರ ಕಳೆದರೂ ನಾನು ಹೆಸರು ಹಿಡಿದು ಕರೆಯಬಲ್ಲವರು ಸುಮಾರು ನಲವತ್ತು ಮಂದಿ ಮಾತ್ರ. ಅವರಲ್ಲಿ ಅರ್ಧದಷ್ಟು ಮಕ್ಕಳು ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವವರು, ಉಳಿದವರು ನಾನು ದಿನವೂ ಗದರುವವರು. ನಡುವಿನ ಬೆಂಚುಗಳಲ್ಲಿ ಕುಳಿತು ಸದ್ದಿಲ್ಲದೆ ಬರೆದುಕೊಳ್ಳುವ ಮಕ್ಕಳೆಲ್ಲ ನನ್ನ ಪಾಲಿಗೆ ಇನ್ನೂ "ಕಿಟಕಿ ಪಕ್ಕದವನು", "ಕೊನೆಯಿಂದ ಎರಡನೆಯವಳು" ಆಗಿಯೇ ಉಳಿದಿದ್ದಾರೆ.

ದಿನವೂ ಹಾಜರಿ ಕೂಗುತ್ತೇನೆ. ಆದರೆ ಕಣ್ಣು ಪುಸ್ತಕದ ಮೇಲಿರುವುದರಿಂದ "ಎಸ್ ಸರ್" ಎಂದ ದನಿ ಯಾವ ಮುಖದ್ದೆಂದು ತಿಳಿಯುವುದರೊಳಗೆ ಮುಂದಿನ ಹೆಸರು ಬಂದಿರುತ್ತದೆ. ಒಂದೇ ವಿಭಾಗದಲ್ಲಿ ಮೂವರು ಚಂದನ್, ಇಬ್ಬರು ಭೂಮಿಕಾ ಇದ್ದಾರೆ. ಕಳೆದ ಮಂಗಳವಾರ ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಹೆಸರು ಕೇಳಿದಾಗ ಅವಳು, "ನಿನ್ನೇನೂ ಕೇಳಿದ್ರಲ್ಲ ಸಾ" ಎಂದಳು. ತರಗತಿಯೆಲ್ಲ ನಕ್ಕಿತು, ಅವಳು ಮಾತ್ರ ನಗಲಿಲ್ಲ. ಆಮೇಲೆ ಹೇಳಿದ ಹೆಸರು ನನಗೆ "ಏಮ" ಎಂದು ಕೇಳಿಸಿತು. ಅಕಾರಾದಿಯಲ್ಲಿರುವ ನಮ್ಮ ಹಾಜರಿ ಪುಸ್ತಕದ ಎ, ಏ ಅಕ್ಷರಗಳಲ್ಲಿ ಹುಡುಕಿದರೆ ಅಂಥ ಹೆಸರೇ ಇಲ್ಲ. ನಾನು ಶಿವಮೊಗ್ಗ ಕಡೆಯವನು. ಮತ್ತೊಮ್ಮೆ ಅವಳನ್ನು ಕೇಳಲು ಮುಖವಿಲ್ಲ. ಅನುಭವಿಗಳು ದಾರಿ ತೋರಬೇಕೆಂದು ಕೋರುತ್ತೇನೆ.

ಉತ್ತರ 1: ಸೀಮೆಸುಣ್ಣ (ಮೈಸೂರು)

ಸರ್, ಮೊದಲಿಗೆ ಸಮಾಧಾನದ ಒಂದು ಮಾತು. ಹೆಸರು ಮರೆಯುವುದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ಒಬ್ಬನ ತಂದೆ ಕುಂಬಾರಿಕೆ ಮಾಡುತ್ತಾರೆಂದು ಕೇಳಿದರೆ ಮಣ್ಣು, ತಿಗರಿ, ಮಡಕೆಗಳೆಲ್ಲ ಕಣ್ಣಮುಂದೆ ಬಂದು ಆ ಸಂಗತಿ ಮನಸ್ಸಿನಲ್ಲಿ ನಿಲ್ಲುತ್ತದೆ. ಅವನ ಹೆಸರು ಚಂದನ್ ಎಂದರೆ ಹಾಗೆ ನೇತುಹಾಕಲು ಯಾವ ಗೂಟವೂ ಇರುವುದಿಲ್ಲ. ಒಂದೇ ಪದವನ್ನು ಕೆಲವರಿಗೆ ವೃತ್ತಿಯೆಂದೂ ಕೆಲವರಿಗೆ ಮನೆತನದ ಹೆಸರೆಂದೂ ಹೇಳಿಕೊಟ್ಟು ನಡೆಸಿದ ಪ್ರಯೋಗ 1987ರಲ್ಲಿ ಪ್ರಕಟವಾಗಿದ್ದು, ಅದರಲ್ಲಿಯೂ ವೃತ್ತಿಯೇ ಹೆಚ್ಚು ನೆನಪಿನಲ್ಲಿ ಉಳಿದಿತ್ತು.

ನೀವು ಬದಲಾಯಿಸಬೇಕಾದದ್ದು ಒಂದೇ. ಹೆಸರನ್ನು ಮತ್ತೆ ಮತ್ತೆ ಓದುವುದನ್ನು ಬಿಟ್ಟು, ಪುಸ್ತಕ ಮುಚ್ಚಿ ಹೆಸರನ್ನು ನೀವೇ ಹೊರತೆಗೆಯಲು ಹೆಣಗಬೇಕು. ಎಪ್ಪತ್ತು ಸಲ ಕಣ್ಣಾಡಿಸಿದ ಪಟ್ಟಿಗಿಂತ, ತಡಕಾಡಿ ತಾನಾಗಿ ನೆನಪಿಸಿಕೊಂಡ ಏಳು ಹೆಸರು ಗಟ್ಟಿಯಾಗಿ ಉಳಿಯುತ್ತವೆ.

ನಾನು ಹತ್ತು ವರ್ಷ ಮಂಡ್ಯದಲ್ಲಿ ಪಾಠ ಮಾಡಿ ಸಂಜೆ ರೈಲಿನಲ್ಲಿ ಮೈಸೂರಿಗೆ ಮರಳುತ್ತಿದ್ದೆ. ಪ್ರತಿ ಜೂನ್‌ನಲ್ಲಿ ಒಂದು ಹಾಳೆಯ ಮೇಲೆ ಬೆಂಚುಗಳ ನಕ್ಷೆ ಬರೆದು ಮನೆಗಳನ್ನೆಲ್ಲ ಖಾಲಿ ಬಿಡುತ್ತಿದ್ದೆ. ಹೆಸರು ತುಂಬಿದ ಇನ್ನೊಂದು ಪ್ರತಿ ಚೀಲದ ತಳದಲ್ಲಿರುತ್ತಿತ್ತು. ಗಾಡಿ ಹೊರಟ ಮೇಲೆ ಒಂದು ಸಾಲಿನ ಆರು ಮಕ್ಕಳ ಮುಖ ನೆನೆದು ಹೆಸರು ಬರೆಯುವುದು, ಪಾಂಡವಪುರ ಬಂದಾಗ ಅದೇ ಸಾಲನ್ನು ಮತ್ತೆ ಮನಸ್ಸಿನಲ್ಲೇ ಹೇಳಿಕೊಳ್ಳುವುದು, ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಎರಡನೆಯ ಸಾಲನ್ನು ಸೇರಿಸುವುದು, ನಾಗನಹಳ್ಳಿಯಲ್ಲಿ ಎರಡನ್ನೂ ಒಟ್ಟಿಗೆ ಹೇಳುವುದು, ಕೊನೆಗೆ ಮೈಸೂರಿನಲ್ಲಿ ಇಳಿದ ಮೇಲಷ್ಟೇ ತುಂಬಿದ ಪ್ರತಿಯನ್ನು ತೆಗೆದು ತಪ್ಪು ತಿದ್ದಿಕೊಳ್ಳುವುದು. ಮರುದಿನ ಬೆಳಗ್ಗೆ ಒಮ್ಮೆ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಹೀಗೆ ಅಂತರವನ್ನು ಹಿಗ್ಗಿಸುತ್ತ ನೆನಪಿಸಿಕೊಂಡರೆ ಹೆಸರುಗಳು ಚೆನ್ನಾಗಿ ನಿಲ್ಲುತ್ತವೆ ಎಂಬುದನ್ನು ಲ್ಯಾಂಡಾವರ್ ಮತ್ತು ಬ್ಯೋರ್ಕ್ ಎಂಬ ಮನೋವಿಜ್ಞಾನಿಗಳು 1978ರಲ್ಲೇ ತೋರಿಸಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ; ನನಗೆ ಅದನ್ನು ಕಲಿಸಿದ್ದು ಪ್ಯಾಸೆಂಜರ್ ಗಾಡಿ.

ಒಂದು ಎಚ್ಚರಿಕೆ. ನಕ್ಷೆಯನ್ನೇ ನೆಚ್ಚಿಕೊಂಡರೆ ನಿಮಗೆ ಮಕ್ಕಳ ಬದಲು ಬೆಂಚು ನೆನಪಾಗುತ್ತದೆ. ಎರಡು ವಾರ ಎಲ್ಲರೂ ಒಂದೇ ಜಾಗದಲ್ಲಿ ಕೂರಲಿ, ಅನಂತರ ಜಾಗ ಬದಲಿಸಿ. ಆಗ ತಿಳಿಯುತ್ತದೆ ನಿಮ್ಮ ಬಂಡವಾಳ.

ಉತ್ತರ 2: ನಿವೃತ್ತ ಕನ್ನಡ ಪಂಡಿತ (ಮಂಡ್ಯ)

ಮೇಷ್ಟ್ರೇ, ನಿಮ್ಮ "ಏಮ"ಳನ್ನು ಹಾಜರಿ ಪುಸ್ತಕದ ಕೊನೆಯಲ್ಲಿ, ಹಕಾರದಲ್ಲಿ ಹುಡುಕಿ. ನಮ್ಮ ಕಡೆಯ ಹಳ್ಳಿಮಾತಿನಲ್ಲಿ ಪದದ ಮೊದಲಿನ ಹಕಾರ ಬಿದ್ದುಹೋಗುವುದು ಸಾಮಾನ್ಯ. ಹರ್ಷಿತ ಅರ್ಸಿತನಾಗುತ್ತಾನೆ, ಹೇಮಂತ ಏಮಂತನಾಗುತ್ತಾನೆ. ಅದನ್ನು ತರಗತಿಯಲ್ಲಿ ತಿದ್ದಲು ಹೋಗಬೇಡಿ. ತನ್ನ ಹೆಸರನ್ನೇ ತಾನು ತಪ್ಪು ಹೇಳಿದೆನೆಂದು ನಾಲ್ಕು ಜನರೆದುರು ಅನ್ನಿಸಿಕೊಂಡ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ನೀವು ನಿಮ್ಮ ಉಚ್ಚಾರದಲ್ಲಿ ಕರೆಯಿರಿ, ಅದು ತನ್ನ ಉಚ್ಚಾರದಲ್ಲಿ ಓಗೊಡಲಿ.

ಅವಧಾನ ನೋಡಿದ್ದೀರಾ? ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಎಂಟು ದಿಕ್ಕಿನಿಂದ ಪ್ರಶ್ನೆ ಹಾಕುತ್ತಾರೆ. ಅವಧಾನಿಯು ಒಂದು ಸುತ್ತಿನಲ್ಲಿ ಒಬ್ಬೊಬ್ಬರಿಗೆ ಪದ್ಯದ ಒಂದೊಂದೇ ಪಾದವನ್ನು ಹೇಳಿ, ಮುಂದಿನವರ ಕಡೆ ತಿರುಗಿ, ಮತ್ತೆ ಸುತ್ತು ಬಂದಾಗ ಬಿಟ್ಟಲ್ಲಿಂದ ಎತ್ತಿಕೊಂಡು, ಕೊನೆಗೆ ಎಲ್ಲ ಪದ್ಯಗಳನ್ನೂ ಇಡಿಯಾಗಿ ಒಪ್ಪಿಸುತ್ತಾರೆ. ಅದಕ್ಕೆ ಧಾರಣವೆನ್ನುತ್ತಾರೆ. ಕಾಗದ, ಲೇಖನಿ ಯಾವುದೂ ಇರುವುದಿಲ್ಲ. ಮೇಲೆ ರೈಲಿನ ಕಥೆ ಹೇಳಿದವರು ಮಾಡಿದ್ದೂ ಒಂದು ಬಗೆಯ ಧಾರಣವೇ.

ನನ್ನ ಕ್ರಮ ಇನ್ನೂ ಸರಳ. ತಿದ್ದಿದ ನೋಟ್ ಪುಸ್ತಕಗಳನ್ನು ತರಗತಿಯ ಮುಂದಾಳಿನ ಕೈಯಲ್ಲಿ ಹಂಚಿಸದೆ, ನಾನೇ ಒಂದೊಂದನ್ನು ಎತ್ತಿ, ರಟ್ಟಿನ ಮೇಲಿನ ಹೆಸರನ್ನು ಓದಿ, ಮಗು ಮುಂದೆ ಬರುವವರೆಗೆ ಕಾದು, ಮುಖ ನೋಡಿ, ಒಳಗಿನ ಒಂದು ವಾಕ್ಯದ ಬಗ್ಗೆ ಏನಾದರೂ ಹೇಳಿ ಕೊಡುತ್ತಿದ್ದೆ. ವಾರಕ್ಕೊಂದು ಪಿರಿಯಡ್‌ನ ಕಾಲು ಭಾಗ ಹೋಗುತ್ತಿತ್ತು, ಹೋಗಲಿ. ಮೂರನೆಯ ವಾರಕ್ಕೆ ನನಗೆ ಅಕ್ಷರ ಕಂಡರೆ ಮುಖ ಕಾಣುತ್ತಿತ್ತು.

ಇಬ್ಬರು ಭೂಮಿಕಾ ಇದ್ದರೆ ಇನಿಷಿಯಲ್ ಸೇರಿಸಿ ಕರೆಯಿರಿ. ನಮ್ಮ ಸೀಮೆಯಲ್ಲಿ ಇನಿಷಿಯಲ್ ಎಂದರೆ ಬಹುಪಾಲು ಊರು ಮತ್ತು ತಂದೆಯ ಹೆಸರು, ಆದ್ದರಿಂದ ಊರನ್ನು ಕೇಳಿದರೆ ಮಾತೂ ಬೆಳೆಯುತ್ತದೆ. ಕಪ್ಪು ಭೂಮಿಕಾ, ಕುಳ್ಳ ಚಂದನ್ ಎಂಬ ಗುರುತನ್ನು ಮಾತ್ರ ಮನಸ್ಸಿನಲ್ಲಿ ಕೂಡ ಇಟ್ಟುಕೊಳ್ಳಬೇಡಿ. ಒಂದಲ್ಲ ಒಂದು ದಿನ ಅದು ಬಾಯಿಗೆ ಬಂದೇ ಬರುತ್ತದೆ. ನನಗೆ ಒಮ್ಮೆ ಬಂದಿತ್ತು. ಮೂವತ್ತು ವರ್ಷವಾದರೂ ಆ ಹುಡುಗನ ಮುಖವನ್ನು ನಾನು ಮರೆತಿಲ್ಲ.

ಉತ್ತರ 3: ಪದವಿ ಕಾಲೇಜಿನ ಉಪನ್ಯಾಸಕಿ (ಮೈಸೂರು)

ಹಿರಿಯರ ಮಾತುಗಳನ್ನು ಒಪ್ಪುತ್ತಲೇ ನನ್ನದೊಂದು ಸಣ್ಣ ಭಿನ್ನಾಭಿಪ್ರಾಯವಿದೆ. ಎಲ್ಲ ಹೆಸರುಗಳೂ ಬಾಯಿಪಾಠವಾಗಲೇಬೇಕೆಂಬ ಹಟವೇಕೆ? ನನ್ನ ಒಂದು ವಿಭಾಗದಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುತ್ತಾರೆ. ಹಳೆಯ ಮದುವೆಯ ಕರೆಯೋಲೆಗಳನ್ನು ತರಿಸಿ, ಹಿಂಬದಿಯ ಖಾಲಿ ಮೈ ಹೊರಗೆ ಬರುವಂತೆ ಮಡಿಸಿ, ದಪ್ಪ ಸ್ಕೆಚ್ ಪೆನ್ನಿನಲ್ಲಿ ಅವರವರ ಹೆಸರು ಬರೆಸಿ ಡೆಸ್ಕಿನ ಮೇಲೆ ಗುಡಾರದಂತೆ ನಿಲ್ಲಿಸಲು ಹೇಳುತ್ತೇನೆ. ದಾಖಲೆಯ ಹೆಸರನ್ನಲ್ಲ, ಕರೆಯಬೇಕಾದ ಹೆಸರನ್ನು ಬರೆಯಿರಿ ಎನ್ನುತ್ತೇನೆ. ಮಹಮ್ಮದ್ ಎಂದು ಕರೆದರೆ ನಾಲ್ವರು ಎದ್ದು ನಿಲ್ಲುವ ತರಗತಿಯಲ್ಲಿ ಇದೊಂದೇ ಸೂಚನೆ ಎಷ್ಟು ಗೊಂದಲ ತಪ್ಪಿಸಿತೆಂದರೆ, ಅದನ್ನು ಮೊದಲೇ ಏಕೆ ಮಾಡಲಿಲ್ಲವೆಂದು ನಾಚಿಕೆಯಾಯಿತು.

ಅಮೆರಿಕದ ದೊಡ್ಡದೊಂದು ಜೀವವಿಜ್ಞಾನ ತರಗತಿಯಲ್ಲಿ ಇಂಥ ಹೆಸರಿನ ಮಡಿಕೆಗಳನ್ನು ಬಳಸಿ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಬೋಧಕರಿಗೆ ನಿಜವಾಗಿ ಗೊತ್ತಿದ್ದದ್ದು ಶೇ. 53ರಷ್ಟು ವಿದ್ಯಾರ್ಥಿಗಳ ಹೆಸರು. ಆದರೆ ತಮ್ಮ ಹೆಸರು ಬೋಧಕರಿಗೆ ಗೊತ್ತಿದೆಯೆಂದು ನಂಬಿದ್ದವರು ಶೇ. 78ರಷ್ಟು. ಮಕ್ಕಳಿಗೆ ಬೇಕಾದದ್ದು ನಮ್ಮ ನೆನಪಿನ ಪರೀಕ್ಷೆಯಲ್ಲ, ಹೆಸರಿನಿಂದ ಕರೆಸಿಕೊಳ್ಳುವುದು ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಮೊಬೈಲಿನಲ್ಲಿ ಮಕ್ಕಳ ಫೋಟೊ ತೆಗೆದು ಹೆಸರು ಬರೆದಿಟ್ಟುಕೊಳ್ಳಿ ಎಂದು ಯಾರಾದರೂ ಸಲಹೆ ಕೊಡುವ ಮೊದಲೇ ಹೇಳಿಬಿಡುತ್ತೇನೆ: ಅಪ್ರಾಪ್ತ ಮಕ್ಕಳ ಚಿತ್ರಗಳು ಶಿಕ್ಷಕರ ಸ್ವಂತ ಫೋನಿನಲ್ಲಿ ಇರುವುದು ಸರಿಯಲ್ಲ. ಹಾಳೆಯ ಮೇಲಿನ ನಕ್ಷೆಯೇ ಸಾಕು.

ಸೀಮೆಸುಣ್ಣ

ಮೇಡಂ, ಡೆಸ್ಕಿನ ಮೇಲೆ ಹೆಸರು ಇರುವವರೆಗೆ ತರಗತಿ ಸುಗಮವಾಗಿ ನಡೆಯುತ್ತದೆ, ನಿಜ. ಆದರೆ ಅದೇ ಹುಡುಗ ಸಂತೆಯಲ್ಲಿ ಎದುರಾಗಿ ಕೈಮುಗಿದಾಗ ಮುಂದೆ ಹಲಗೆ ಇರುವುದಿಲ್ಲವಲ್ಲ. ನಿಮ್ಮ ಮಡಿಕೆಯನ್ನು ಒಪ್ಪುತ್ತೇನೆ. ಪಾಠದ ಕೊನೆಯ ಐದು ನಿಮಿಷ ಅವನ್ನು ಬೋರಲು ಹಾಕಿಸಿ, ನೋಡದೆ ಹತ್ತು ಮಂದಿಯನ್ನು ಕರೆದು ನೋಡಿ.

ಹೊಸಮೇಷ್ಟ್ರು (ಮೂರು ವಾರಗಳ ನಂತರ)

ಎಲ್ಲರಿಗೂ ಧನ್ಯವಾದಗಳು. ನನಗೆ ರೈಲಿಲ್ಲ, ಶಾಲೆಯಿಂದ ಬಸ್ ನಿಲ್ದಾಣಕ್ಕೆ ನಡೆಯುವ ಇಪ್ಪತ್ತು ನಿಮಿಷಗಳಲ್ಲಿ ದಿನಕ್ಕೊಂದು ವಿಭಾಗದಂತೆ ಹೇಳಿಕೊಳ್ಳುತ್ತಿದ್ದೇನೆ. ಎಂಟನೆಯ ತರಗತಿಯ ಖಾಲಿ ನಕ್ಷೆಯಲ್ಲಿ ನಿನ್ನೆ 36ರಲ್ಲಿ 31 ಮನೆಗಳನ್ನು ತುಂಬಿದೆ. ಉಳಿದ ಐದರಲ್ಲಿ ಇಬ್ಬರು ಶಾಲೆಗೇ ಸರಿಯಾಗಿ ಬರುತ್ತಿಲ್ಲವೆಂದು ಗೊತ್ತಾಗಿ, ಅವರ ಮನೆಗೆ ಹೋಗಿಬರಬೇಕೆಂದು ತರಗತಿ ಶಿಕ್ಷಕರ ಜೊತೆ ಮಾತನಾಡಿದ್ದೇನೆ. ಹತ್ತನೆಯ ತರಗತಿಯ ಸ್ಥಿತಿ ಇನ್ನೂ ಹೇಳಿಕೊಳ್ಳುವಂತಿಲ್ಲ.

ಪಂಡಿತರು ಹೇಳಿದಂತೆ ಹಕಾರದಲ್ಲಿ ಹುಡುಕಿದೆ. ಅವಳ ಹೆಸರು ಹೇಮಾವತಿ. ನೋಟ್ ಪುಸ್ತಕ ಕೊಡುವಾಗ, ಹೊಳೆಯ ಹೆಸರನ್ನು ಯಾರು ಇಟ್ಟರೆಂದು ಕೇಳಿದೆ. ನಾಲೆಗೆ ನೀರು ಬಿಟ್ಟ ವಾರ ಹುಟ್ಟಿದವಳೆಂದು ಅಜ್ಜಿ ಇಟ್ಟ ಹೆಸರಂತೆ. ಹಿಂದಿರುಗಿ ಹೋಗುವಾಗ ಅವಳು, "ನಾಳೆ ಕೇಳಕ್ಕಿಲ್ಲ ತಾನೆ ಸಾ?" ಎಂದಳು. ಈ ಸಲ ಅವಳೂ ನಕ್ಕಳು.