ಮಗನನ್ನು ರಗ್ಬಿ ಲೀಗ್‌ಗೆ ಸೇರಿಸಬಹುದಾ?

ಪೆನ್‌ರಿತ್ ಅಮ್ಮ: ಸಿಡ್ನಿಯಲ್ಲಿರುವವರು ಹೇಳಿ. ಕ್ಲಬ್‌ನವರು ಶಾಲೆಗೆ ಬಂದು ಬಾಲ್ ಹಿಡಿಯುವುದು, ಪಾಸ್ ಮಾಡುವುದು ಹೇಳಿಕೊಟ್ಟು ಹೋದಾಗಿನಿಂದ ಐದು ವರ್ಷದ ಮಗನದು ಒಂದೇ ಹಟ, ರಗ್ಬಿ ಲೀಗ್ (ರಗ್ಬಿಯ ಒಂದು ಬಗೆ) ಆಡಬೇಕಂತೆ. ಪೆಟ್ಟಾಗಲ್ವಾ?

ಮೈಸೂರು ಮಂಜು: ಧೈರ್ಯವಾಗಿ ಸೇರಿಸಿ ಅಕ್ಕಾ. 2023ರಿಂದ ಅಂಡರ್ 6ನಲ್ಲಿ ಟ್ಯಾಕಲ್, ಅಂದರೆ ಬಾಲ್ ಇರುವವನನ್ನು ಹಿಡಿದು ಕೆಡವುವುದು, ಇಲ್ಲ. ಸೊಂಟದ ಎರಡೂ ಕಡೆ ವೆಲ್ಕ್ರೋ ಪಟ್ಟಿ ಇರುತ್ತದೆ, ಬಾಲ್ ಹಿಡಿದು ಓಡುವವನ ಪಟ್ಟಿ ಕಿತ್ತರೆ ಅದೇ ಟ್ಯಾಕಲ್ ಲೆಕ್ಕ. ಅಂಡರ್ 7ನಲ್ಲೂ ತಲೆ ಎಲ್ಲಿಡಬೇಕು, ಹೇಗೆ ಬೀಳಬೇಕು ಅಂತ ಕಲಿಸಿ, ಅರ್ಧ ಸೀಸನ್ ಕಳೆದ ಮೇಲೆಯೇ ನಿಜವಾದ ಟ್ಯಾಕಲ್.

ಶಶಿ: ನನ್ನ ಮಗಳು ಈಗಲೂ ಆ ಪಟ್ಟಿ ಕೀಳುವ ಆಟ, ಲೀಗ್ ಟ್ಯಾಗ್, ಆಡುತ್ತಾಳೆ. ಆದರೆ ಕ್ಲಬ್‌ನವರು ಶಾಲೆಗೆ ಒಂದು ದಿನ ಬಂದು ಹೋದರೆ ಸಾಲದು, ಪ್ರತಿ ವಾರ ಬರಬೇಕು, ಕ್ರಿಕೆಟ್ ಬಿಟ್ಟು ಬೇರೆ ಗೊತ್ತಿಲ್ಲದ ನಮ್ಮಂಥ ಅಪ್ಪ-ಅಮ್ಮಂದಿರಿಗೂ ಆರು ಟ್ಯಾಕಲ್ ನಿಯಮ (ಆರು ಸಲ ಟ್ಯಾಕಲ್ ಆದರೆ ಬಾಲ್ ಎದುರಾಳಿಗೆ) ಬಿಡಿಸಿ ಹೇಳಬೇಕು.

ಪೆನ್‌ರಿತ್ ಅಮ್ಮ: ಥ್ಯಾಂಕ್ಸ್! ಶನಿವಾರವೇ ಹೆಸರು ಬರೆಸುತ್ತೇವೆ.